ಪೂಜೆಗಿಟ್ಟ ಮೂಗಿನ ಯಂತ್ರ

ನಿದ್ದೆ ಬರುವುದಿಲ್ಲ ಎನ್ನುವವರಿಗೆ ಈ ಲೋಕದಲ್ಲಿ ಸಿಗುವ ಮರ್ಯಾದೆ ನಿದ್ದೆ ಬರುವವರಿಗೆ ಸಿಗುವುದಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ‘ನನಗೆ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿಬಿಡುತ್ತದೆ’ ಎನ್ನಲಿ, ಅಕ್ಕಪಕ್ಕದವರು ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಾರೆ. ಪಾಪ, ಏನೋ ದೊಡ್ಡ ಯೋಚನೆ ಇರುವ ಮನುಷ್ಯ ಎಂದುಕೊಳ್ಳುತ್ತಾರೆ. ಅದೇ ಜಾಗದಲ್ಲಿ ಕೂತು ‘ನನಗೆ ಎಲ್ಲಿ ಕೂತರೂ ಕಣ್ಣು ಎಳೆಯುತ್ತದೆ’ ಎಂದು ಹೇಳಿ ನೋಡಿ. ‘ಪುಣ್ಯವಂತರು ಬಿಡಿ’ ಎಂದು ನಕ್ಕು ಊಟದ ಪಂಕ್ತಿಯ ಕಡೆ ಎದ್ದು ಹೋಗುತ್ತಾರೆ. ನಾನು ಈ ಎರಡನೆಯ ಗುಂಪಿನವನು. ಐವತ್ತು ದಾಟುವವರೆಗೂ ನಾನೂ ನನ್ನನ್ನು ಪುಣ್ಯವಂತನೆಂದೇ ತಿಳಿದಿದ್ದೆ. ಕ್ಷೌರದ ಕುರ್ಚಿಯಲ್ಲಿ ಮಲಗಿದ್ದೇನೆ, ಬ್ಯಾಂಕಿನ ಬೆಂಚಿನಲ್ಲಿ ಮಲಗಿದ್ದೇನೆ, ನನ್ನದೇ ಮನೆಯ ಗೃಹಪ್ರವೇಶದ ಹೋಮದಲ್ಲಿ ತುಪ್ಪದ ಸೌಟು ಕೈಯಲ್ಲಿ ಹಿಡಿದುಕೊಂಡೇ ಮಲಗಿದ್ದೇನೆ. ನಮ್ಮ ಮನೆಯ ಆಲ್ಬಮ್ಮಿನ ಯಾವ ಗುಂಪು ಫೋಟೋದಲ್ಲೂ ನನ್ನ ಕಣ್ಣು ತೆರೆದಿಲ್ಲ. ಅದಕ್ಕೆ ಇಷ್ಟು ವರ್ಷ ಫೋಟೋಗ್ರಾಫರುಗಳ ಫ್ಲ್ಯಾಶನ್ನು ಬೈಯುತ್ತಾ ಬಂದೆ.

ತೊಂದರೆ ಇರುವುದು ನನ್ನ ಉದ್ಯೋಗದಲ್ಲಿ. ಭದ್ರಾವತಿಯ ಒಂದು ಫೌಂಡ್ರಿಯಲ್ಲಿ ನಾನು ಕ್ರೇನ್ ಆಪರೇಟರ್. ರಸ್ತೆಯ ಮೇಲೆ ಓಡಾಡುವ ಕ್ರೇನ್ ಅಲ್ಲ, ದೊಡ್ಡ ಶೆಡ್ಡಿನ ಮಾಡಿನ ಕೆಳಗೆ ಹಳಿಯ ಮೇಲೆ ಆ ತುದಿಯಿಂದ ಈ ತುದಿಗೆ ಹೋಗುವ ಕ್ರೇನು. ಕಬ್ಬಿಣದ ಏಣಿ ಹತ್ತಿ ಮೇಲಿನ ಗಾಜಿನ ಕ್ಯಾಬಿನ್ನಿನಲ್ಲಿ ಕೂತರೆ ಕೆಳಗಿನವರ ಹೆಲ್ಮೆಟ್ಟುಗಳಷ್ಟೇ ಕಾಣುತ್ತವೆ. ಮ್ಯಾನೇಜರದೂ ಒಂದು ಹೆಲ್ಮೆಟ್ಟೇ. ಕರಗಿದ ಕಬ್ಬಿಣ ತುಂಬಿದ ಭಾರಿ ಬಕೆಟ್ಟನ್ನು, ನಮ್ಮಲ್ಲಿ ಅದಕ್ಕೆ ಲ್ಯಾಡಲ್ ಎನ್ನುತ್ತಾರೆ, ಫರ್ನೇಸಿನ ಬಳಿಯಿಂದ ಎತ್ತಿ ಅಚ್ಚುಗಳವರೆಗೆ ತುಳುಕದ ಹಾಗೆ ಒಯ್ಯಬೇಕು. ಇಪ್ಪತ್ತಾರು ವರ್ಷ ಒಯ್ದಿದ್ದೇನೆ. ಅಡುಗೆಮನೆಯಿಂದ ಹಜಾರಕ್ಕೆ ಒಂದು ಲೋಟ ಕಾಫಿ ತರುವಷ್ಟರಲ್ಲಿ ನಾನು ಅರ್ಧ ಚೆಲ್ಲುತ್ತೇನೆ ಎಂದು ನನ್ನ ಹೆಂಡತಿ ಸುಮಿತ್ರಾ ಹೇಳುವುದು ಸುಳ್ಳಲ್ಲ. ಆದರೆ ಕ್ಯಾಬಿನ್ನಿನಲ್ಲಿ ಕೂತಾಗ ನನ್ನ ಕೈಯೇ ಬೇರೆ. ನನ್ನ ಬದುಕಿನಲ್ಲಿ ನಾನು ಸಂಪೂರ್ಣ ಚೆನ್ನಾಗಿ ಮಾಡುವ ಕೆಲಸ ಅದೊಂದೇ.

ನಮ್ಮ ಮನೆ ಇರುವುದು ಶಿವಮೊಗ್ಗದ ಆಲ್ಕೊಳದಲ್ಲಿ. ಭದ್ರಾವತಿಯಿಂದ ಸಾಗರದ ಬಸ್ಸು ಹತ್ತಿದರೆ ಆಲ್ಕೊಳ ಸರ್ಕಲ್ಲಿನಲ್ಲೇ ಇಳಿಯಬಹುದು. ವಾರಕ್ಕೊಂದು ಪಾಳಿ; ಬೆಳಗಿನದು, ಮಧ್ಯಾಹ್ನದ್ದು, ರಾತ್ರಿಯದು ಸರದಿಯಲ್ಲಿ ಬರುತ್ತವೆ. ಯಾವ ಪಾಳಿ ಮುಗಿಸಿ ಬಂದರೂ ಬಸ್ಸಿನ ಕಿಟಕಿಯ ಸರಳಿಗೆ ಕೆನ್ನೆ ಒತ್ತಿದ ತಕ್ಷಣ ನನ್ನ ಕಥೆ ಮುಗಿಯಿತು. ಎಚ್ಚರವಾಗುವಾಗ ಬಸ್ಸು ಆಲ್ಕೊಳ ದಾಟಿ, ಆಯನೂರು ದಾಟಿ, ಕುಂಸಿಯಲ್ಲಿ ನಿಂತಿರುತ್ತಿತ್ತು. ಕುಂಸಿ ನನ್ನ ಅತ್ತೆಯ ಊರು. ಅತ್ತೆ ಅಲ್ಲಿ ತಮ್ಮ ಮಗನ ಜೊತೆ ಗದ್ದೆ, ಶುಂಠಿ, ಟಿಲ್ಲರು ಎಲ್ಲವನ್ನೂ ಅಂಕೆಯಲ್ಲಿಟ್ಟುಕೊಂಡಿರುವ ಗಟ್ಟಿ ಹೆಂಗಸು. ಅಷ್ಟು ದೂರ ಬಂದವನು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುವುದನ್ನು ಊರಿನವರು ನೋಡಿ ಹೇಳಿದರೆ ಚೆನ್ನಾಗಿರುವುದಿಲ್ಲ ಎಂದು ಮೊದಲ ಸಲ ಅವರ ಮನೆಗೆ ಹೋದೆ. ಏನು ವಿಶೇಷ ಎಂದು ಕೇಳಿದರು. ಸುಮ್ಮನೆ ನಿಮ್ಮನ್ನೆಲ್ಲ ನೋಡಿಕೊಂಡು ಹೋಗೋಣ ಅನ್ನಿಸಿತು ಎಂದೆ. ಅತ್ತೆ ಆ ದಿನ ಹೋಳಿಗೆ ಮಾಡಿದರು. ಆಮೇಲೆ ಒಂದೇ ವರ್ಷದಲ್ಲಿ ಏಳೆಂಟು ಸಲ ಹಾಗೆ ನೋಡಿಕೊಂಡು ಬಂದೆ. ಕರೆಯದೆ ಬರುವ ಅಳಿಯ ಎಂದು ಕುಂಸಿಯಲ್ಲಿ ನನಗೆ ಒಳ್ಳೆಯ ಹೆಸರು ಬಂತು. ನಾನೂ ಆ ಹೆಸರನ್ನು ಸಂಕೋಚವಿಲ್ಲದೆ ಇಟ್ಟುಕೊಂಡೆ.

ಇಷ್ಟರವರೆಗೆ ನಗಬಹುದು. ಒಂದು ದಿನ, ಅದೂ ಬೆಳಗಿನ ಪಾಳಿಯಲ್ಲಿ, ಹನ್ನೊಂದು ಗಂಟೆಯ ಚೊಕ್ಕ ಬೆಳಕಿನಲ್ಲಿ, ತುಂಬಿದ ಲ್ಯಾಡಲ್ಲನ್ನು ಎತ್ತಿಕೊಂಡು ಹೋಗುತ್ತಿದ್ದವನು ನಡುದಾರಿಯಲ್ಲಿ ನಿದ್ದೆಹೋಗಿಬಿಟ್ಟೆ. ಕೈ ಸಡಿಲಾದರೆ ತಾನಾಗಿ ನಿಲ್ಲುವ ಲಿವರು ನಮ್ಮದು, ಹಾಗಾಗಿ ಕ್ರೇನು ನಿಂತಿತು. ಕೆಳಗಿನವರು ಶಿಳ್ಳೆ ಹೊಡೆದರಂತೆ, ಕೂಗಿದರಂತೆ. ಕೊನೆಗೆ ಫರ್ನೇಸ್ ನೋಡಿಕೊಳ್ಳುವ ಮುರುಗೇಶ್ ಏಣಿ ಹತ್ತಿ ಬಂದು ಭುಜ ಅಲ್ಲಾಡಿಸಿದ. ಕಣ್ಣು ಬಿಟ್ಟಾಗ ಅವನ ಮುಖ ಬಿಳಿಚಿಕೊಂಡಿತ್ತು. ಅವನು ಬೈಯಲಿಲ್ಲ. ಹಾಗೇ ಪಕ್ಕದಲ್ಲಿ ನಿಂತು ನನ್ನ ಕೈಯಿಂದಲೇ ಲ್ಯಾಡಲ್ ಇಳಿಸಿದ. ಯಾರಿಗೂ ಏನೂ ಆಗಲಿಲ್ಲ. ಏಣಿ ಇಳಿಯುವಾಗ ಕೆಳಗೆ ಕಂಡಿದ್ದು ಹೆಲ್ಮೆಟ್ಟುಗಳಲ್ಲ, ಅವುಗಳ ಕೆಳಗಿನ ಮುಖಗಳು.

ಮರುದಿನದಿಂದ ನನ್ನನ್ನು ಟೂಲ್ ರೂಮಿಗೆ ಹಾಕಿದರು. ಅಲ್ಲಿ ಕೆಲಸವೆಂದರೆ ಸ್ಪ್ಯಾನರ್ ಕೇಳಿದವರಿಂದ ಹಿತ್ತಾಳೆ ಟೋಕನ್ ಪಡೆದು ಮೊಳೆಗೆ ನೇತುಹಾಕುವುದು, ಸ್ಪ್ಯಾನರ್ ವಾಪಸ್ ಬಂದಾಗ ಟೋಕನ್ ವಾಪಸ್ ಕೊಡುವುದು. ಪಾಳಿ ಮಾತ್ರ ಮೊದಲಿನದೇ. ಎಷ್ಟೋ ವರ್ಷ ಎಲ್ಲರನ್ನೂ ಮೇಲಿನಿಂದ ನೋಡಿದವನಿಗೆ ಒಂದು ಅಡಿ ಅಗಲದ ಕಿಂಡಿಯಿಂದ ಅವರ ಹೊಟ್ಟೆಗಳನ್ನು ನೋಡುವ ಪಾಡು ಬಂತು. ನನ್ನ ಕ್ರೇನಿಗೆ ಬೇರೆ ಶೆಡ್ಡಿನಿಂದ ಒಬ್ಬರನ್ನು ತಾತ್ಕಾಲಿಕವಾಗಿ ತಂದರು. ಮ್ಯಾನೇಜರು ಒಳ್ಳೆಯವರೇ. ದಸರಾ ಮುಗಿದು ಎರಡು ದಿನದೊಳಗೆ ನೀವು ಕ್ರೇನಿಗೆ ಯೋಗ್ಯ ಎಂದು ಡಾಕ್ಟರ ಕಾಗದ ತನ್ನಿ, ಇಲ್ಲದಿದ್ದರೆ ಅವರನ್ನೇ ಖಾಯಂ ಮಾಡಬೇಕಾಗುತ್ತದೆ ಎಂದು ನೇರವಾಗಿ ಹೇಳಿದರು.

ಶಿವಮೊಗ್ಗದ ಡಾಕ್ಟರಮ್ಮ ಒಬ್ಬರು ನನ್ನನ್ನು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ, ತಲೆಗೆ, ಎದೆಗೆ, ಕಾಲಿಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಇಷ್ಟೆಲ್ಲ ವೈರಿನಲ್ಲಿ ಯಾರಿಗೆ ನಿದ್ದೆ ಬರುತ್ತದೆ ಎಂದು ಅಲ್ಲಿನ ನರ್ಸು ಸಮಾಧಾನ ಹೇಳುತ್ತಿದ್ದಾಗಲೇ ನಾನು ನಿದ್ದೆಹೋಗಿಬಿಟ್ಟೆನಂತೆ. ಬೆಳಿಗ್ಗೆ ಡಾಕ್ಟರಮ್ಮ ಕಾಗದ ತೋರಿಸಿ ಹೇಳಿದ್ದನ್ನು ಕೇಳಿ ನನ್ನ ಪುಣ್ಯವೆಲ್ಲ ಇಳಿದುಹೋಯಿತು. ನಾನು ನಿದ್ದೆಯನ್ನೇ ಮಾಡುವುದಿಲ್ಲವಂತೆ. ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ, ಮತ್ತೆ ಮಲಗುತ್ತೇನೆ, ಮತ್ತೆ ನಿಲ್ಲುತ್ತದೆ. ರಾತ್ರಿಯಿಡೀ ಇದೇ. ಅದರ ಮೇಲೆ ವಾರ ವಾರ ಬದಲಾಗುವ ಪಾಳಿ. ಐವತ್ತು ವರ್ಷ ನಿದ್ದೆಯಲ್ಲಿ ಶ್ರೀಮಂತನೆಂದುಕೊಂಡಿದ್ದವನು ನಿಜದಲ್ಲಿ ದಿವಾಳಿಯಾಗಿದ್ದ. ಪಕ್ಕದಲ್ಲಿ ಕೂತಿದ್ದ ಸುಮಿತ್ರಾ ಕಣ್ಣೊರೆಸಿಕೊಂಡಳು. ನೀವು ಗೊರಕೆ ನಿಲ್ಲಿಸಿದಾಗೆಲ್ಲ ದೇವರು ದೊಡ್ಡವನು ಎಂದು ನಾನು ಸಂತೋಷಪಡುತ್ತಿದ್ದೆನಲ್ಲ ಎಂದಳು.

ಔಷಧವೆಂದು ಕೊಟ್ಟಿದ್ದು ಒಂದು ಯಂತ್ರ. ಬ್ರೆಡ್ಡಿನ ಪೊಟ್ಟಣದಷ್ಟು ದೊಡ್ಡದು, ಅದರಿಂದ ಒಂದು ಉದ್ದನೆಯ ಪೈಪು, ತುದಿಯಲ್ಲಿ ಮೂಗಿಗೆ ಕೂರುವ ಮಾಸ್ಕು. ಮಲಗಿದಾಗ ಅದು ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಅದಕ್ಕೆ ಸಿಪ್ಯಾಪ್ ಎಂದು ಹೆಸರು. ನಮ್ಮ ಮನೆಯಲ್ಲಿ ಮೂಗಿನ ಯಂತ್ರ. ಅದರೊಳಗೆ ಒಂದು ಕಾರ್ಡು ಇದೆ. ನಾನು ಎಷ್ಟು ಗಂಟೆ ಹಾಕಿಕೊಂಡೆ, ಎಷ್ಟು ಸಲ ಉಸಿರು ನಿಂತಿತು, ಎಲ್ಲವನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಹಗಲಾಗಲಿ ರಾತ್ರಿಯಾಗಲಿ ಮಲಗಿದಾಗೆಲ್ಲ ಹಾಕಿಕೊಳ್ಳಬೇಕು, ಮೂವತ್ತು ದಿನ ಒಂದೂ ತಪ್ಪದೆ ಕಾರ್ಡಿನಲ್ಲಿ ಕಂಡರೆ, ಜೊತೆಗೆ ಎಚ್ಚರದ ಪರೀಕ್ಷೆಯೂ ಪಾಸಾದರೆ ಕಾಗದ ಬರೆದುಕೊಡುತ್ತೇನೆ ಎಂದರು ಡಾಕ್ಟರಮ್ಮ. ಒಂದು ದಿನ ತಪ್ಪಿದರೆ ಎಂದು ಕೇಳಿದೆ. ಮತ್ತೆ ಒಂದರಿಂದ ಎಣಿಕೆ ಎಂದರು. ಮನೆಗೆ ಬಂದು ಕ್ಯಾಲೆಂಡರ್ ತಿರುವಿದರೆ ಮೂವತ್ತನೆಯ ದಿನ ಸರಿಯಾಗಿ ಆಯುಧಪೂಜೆಗೆ ಬೀಳುತ್ತಿತ್ತು. ಒಳ್ಳೆಯ ಶಕುನ ಎಂದುಕೊಂಡೆ.

ಮೊದಲ ವಾರ ನಾನೂ ಯಂತ್ರವೂ ಹೊಸದಾಗಿ ಮದುವೆಯಾದವರ ಹಾಗೆ ಒಬ್ಬರಿಗೊಬ್ಬರು ಹೆದರಿಕೊಂಡೇ ಮಲಗಿದೆವು. ಮಗ್ಗುಲು ಬದಲಿಸಿದರೆ ಮಾಸ್ಕು ಸರಿದು ಬುಸ್ ಎನ್ನುತ್ತಿತ್ತು. ಎರಡನೆಯ ವಾರ ಒಂದು ಬೆಳಿಗ್ಗೆ ಎದ್ದಾಗ ಏನೋ ವಿಚಿತ್ರ ಅನ್ನಿಸಿತು. ತಲೆನೋವಿರಲಿಲ್ಲ. ತಲೆನೋವಿಲ್ಲದ ಬೆಳಗು ಹೇಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಡಾಕ್ಟರಮ್ಮ ಹೇಳಿದ ಉಳಿದ ಪಥ್ಯಗಳನ್ನೂ ಹಿಡಿದೆ. ಹಗಲು ಮಲಗುವ ಕೋಣೆಗೆ ಸುಮಿತ್ರಾ ಕಪ್ಪು ಪರದೆ ಹೊಲಿದು ಹಾಕಿದಳು. ರಾತ್ರಿ ಪಾಳಿ ಮುಗಿಸಿ ಬರುವಾಗ ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮಿದುಳು ಬೆಳಗಾಯಿತೆಂದು ತಿಳಿಯುತ್ತದಂತೆ, ಅದಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು ಬನ್ನಿ ಎಂದಿದ್ದರು. ಹಾಕಿಕೊಂಡೆ. ಬೆಳಿಗ್ಗೆ ಏಳರ ಬಸ್ಸಿನಲ್ಲಿ ಕಪ್ಪು ಕನ್ನಡಕದ ಮನುಷ್ಯನನ್ನು ಕಂಡು ಜನ ಎದ್ದು ಸೀಟು ಬಿಟ್ಟುಕೊಟ್ಟರು. ಆಲ್ಕೊಳದಲ್ಲಿ ಒಬ್ಬರು ಕೈಹಿಡಿದು ರಸ್ತೆ ದಾಟಿಸಿದರು. ನಾಲ್ಕನೆಯ ದಿನ ಎದುರುಮನೆಯವರು, ಆಪರೇಷನ್ ಒಂದೇ ಕಣ್ಣಿಗೋ ಎರಡಕ್ಕೂ ಆಯಿತೋ ಎಂದು ವಿಚಾರಿಸಿಕೊಂಡು ಹೋದರು. ಇರಲಿ, ನಾನು ಆಲ್ಕೊಳದಲ್ಲೇ ಇಳಿಯುತ್ತಿದ್ದೆ, ಕಾರ್ಡಿನಲ್ಲಿ ಒಂದೊಂದೇ ದಿನ ಕೂಡುತ್ತಿತ್ತು. ನನಗೆ ಅಷ್ಟು ಸಾಕಿತ್ತು.

ಹೀಗೆ ಇಪ್ಪತ್ತೊಂಬತ್ತು ದಿನವಾಯಿತು. ಆಯುಧಪೂಜೆಯ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ, ಕಪ್ಪು ಕನ್ನಡಕದಲ್ಲಿ ಮನೆಗೆ ಬಂದೆ. ಹಬ್ಬಕ್ಕೆಂದು ಕುಂಸಿಯಿಂದ ಅತ್ತೆ ಹಿಂದಿನ ಸಂಜೆಯೇ ಬಾಳೆಕಂದು, ಚೆಂಡುಹೂವು ಹೊತ್ತುಕೊಂಡು ಬಂದಿದ್ದರು. ಹಜಾರದಲ್ಲಿ ದೇವರ ಗೂಡಿನ ಮುಂದೆ ಬಾಳೆಎಲೆ ಹಾಸಿ, ಈಳಿಗೆ ಮಣೆ, ಮಿಕ್ಸಿ, ಸುಮಿತ್ರಾಳ ಹೊಲಿಗೆ ಮಿಷನ್ನು ಎಲ್ಲಕ್ಕೂ ಕುಂಕುಮ ಹಚ್ಚಿಟ್ಟಿದ್ದರು. ಎಲ್ಲದರ ನಡುವೆ, ಎಲ್ಲಕ್ಕಿಂತ ದೊಡ್ಡ ಹಾರ ಹಾಕಿಸಿಕೊಂಡು ಕೂತಿತ್ತು ನನ್ನ ಮೂಗಿನ ಯಂತ್ರ. ಪೈಪಿಗೆ ವಿಭೂತಿಯ ಪಟ್ಟೆ, ಮಾಸ್ಕಿಗೆ ಒಂದು ದಾಸವಾಳ. ನನ್ನ ಮಗಳ ಮನೆ ಉಳಿಸಿದ ಯಂತ್ರ ಎಂದು ಅತ್ತೆ ಕೈಮುಗಿದರು. ನನಗೂ ಕಣ್ಣು ತುಂಬಿತು. ಸ್ನಾನ ಮಾಡಿ ಬಂದು, ಮಂಗಳಾರತಿ ಮುಗಿದರೆ ತೆಗೆದುಕೊಂಡು ಹೋಗಿ ಮಲಗುತ್ತೇನೆ ಎಂದೆ.

ಅತ್ತೆ ನನ್ನನ್ನು ಎಳೆಯ ಮಗುವಿನಂತೆ ನೋಡಿದರು. “ಪೂಜೆಗೆ ಕೂರಿಸಿದ್ದನ್ನ ನಾಳೆ ಬೆಳಿಗ್ಗೆ ಕದಲಿಸೋ ತನಕ ಮುಟ್ಟಂಗಿಲ್ಲ ಅಳಿಯಂದ್ರೇ.”

ಗೊತ್ತಿಲ್ಲದ ವಿಷಯವೇನಲ್ಲ. ಆಯುಧಪೂಜೆಯ ದಿನ ಆಯುಧಕ್ಕೆ ರಜೆ. ನಮ್ಮ ಮನೆಯಲ್ಲಿ ಆ ದಿನ ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟಿರುತ್ತಾರೆ. ಆದರೆ ಹಿಂದಿನ ದಿನವೇ ನಿದ್ದೆ ಮಾಡಿಟ್ಟುಕೊಳ್ಳುವುದು ಹೇಗೆ? ಸುಮಿತ್ರಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಉತ್ಸಾಹದಲ್ಲಿ ಯಂತ್ರ ತಂದಿಟ್ಟವಳು ಅವಳೇ, ಮೂವತ್ತನೆಯ ದಿನವೆಂಬುದು ಅವಳಿಗೂ ಆಗ ಹೊಳೆಯಿತು. ಅಮ್ಮನಿಗೆ ಕಾರ್ಡಿನ ವಿಷಯ, ಕ್ರೇನಿನ ವಿಷಯ ಎಲ್ಲ ಬಿಡಿಸಿ ಹೇಳಿದಳು. ಅತ್ತೆಗೆ ಅರ್ಥವಾಯಿತು, ಆದರೆ ಅವರು ಕದಲಲಿಲ್ಲ. ಮಾವನವರು ಒಂದು ವರ್ಷ ಮಳೆ ಬರುವ ಹಾಗಿದೆ ಎಂದು ಪೂಜೆಗಿಟ್ಟ ಟಿಲ್ಲರನ್ನು ಅದೇ ದಿನ ಗದ್ದೆಗೆ ಇಳಿಸಿ, ಬದುವಿನಲ್ಲಿ ಅದು ಮಗುಚಿ ಕಾಲು ಮುರಿದುಕೊಂಡಿದ್ದರು. ಆ ಕಾಲು ಕೊನೆಯವರೆಗೂ ನೆಟ್ಟಗಾಗಲಿಲ್ಲ. ಅದನ್ನು ಕಣ್ಣಾರೆ ಕಂಡವರ ಮುಂದೆ ನಾನು ಏನು ವಾದ ಮಾಡಲಿ? ನಾನು ಕಳ್ಳತನಕ್ಕೂ ಪ್ರಯತ್ನಪಟ್ಟೆ ಎಂಬುದನ್ನು ಮುಚ್ಚಿಡುವುದಿಲ್ಲ. ಅವರು ಅಡುಗೆಮನೆಗೆ ಹೋದಾಗ ಪೈಪಿನವರೆಗೆ ಕೈ ಚಾಚಿದ್ದೆ. ಅಲ್ಲಿಂದಲೇ ಅತ್ತೆ ಕೆಮ್ಮಿದರು. ಕೈ ಹಿಂದಕ್ಕೆ ಬಂತು.

ಕುರ್ಚಿಯಲ್ಲಿ ಕೂತೆ. ಇಷ್ಟು ದಿನ ಮಾಡಿದ್ದೆಲ್ಲ ಹೋಯಿತು, ಇನ್ನು ಉಳಿದ ಸರ್ವೀಸೆಲ್ಲ ಹಿತ್ತಾಳೆ ಟೋಕನ್ನುಗಳ ಜೊತೆ ಎಂದು ಯೋಚಿಸಿದರೆ ನಿಜವಾಗಿ ಅಳು ಬಂತು. ಕಣ್ಣೂ ಎಳೆಯುತ್ತಿತ್ತು. ಯಂತ್ರವಿಲ್ಲದೆ ಮಲಗುವ ಹಾಗಿಲ್ಲವೆಂದು ತೊಡೆ ಚಿವುಟಿಕೊಳ್ಳುತ್ತಾ ಕೂತಿದ್ದಾಗ ಬಾಗಿಲಲ್ಲಿ ಮುರುಗೇಶ್ ನಿಂತಿದ್ದ. ಫೌಂಡ್ರಿಯ ಪೂಜೆ ಮುಗಿಸಿ, ನನ್ನ ಪಾಲಿನ ಸ್ವೀಟ್ ಪೊಟ್ಟಣ, ಪುರಿ, ಬಾಳೆಹಣ್ಣು ಕೊಟ್ಟುಹೋಗಲು ಬಂದಿದ್ದ. ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದ. ಹೇಳಿದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಅತ್ತೆಯ ಮುಂದೆ ಕೈಕಟ್ಟಿ ನಿಂತ.

“ಅಮ್ಮ, ನಮ್ ಫ್ಯಾಕ್ಟ್ರೀಲಿ ಲೇತು, ಕ್ರೇನು ಎಲ್ಲಾ ನಿಲ್ಸಿ ಪೂಜೆ ಮಾಡ್ತೀವಿ. ಫರ್ನೇಸ್ ಮಾತ್ರ ನಿಲ್ಸಲ್ಲ. ಆರಿಸಿದ್ರೆ ಒಳಗಿನ ಗೋಡೆ ಬಿರುಕು ಬಿಡುತ್ತೆ. ಅದಕ್ಕೆ ಉರೀತಾ ಇರುವಾಗ್ಲೇ ಹೂ ಹಾಕಿ ಆರತಿ ಎತ್ತುತೀವಿ. ಇವತ್ತು ಬೆಳಿಗ್ಗೇನೂ ಹಂಗೇ ಮಾಡಿ ಬಂದೆ.”

ಎಷ್ಟು ವರ್ಷದಿಂದ ಹಾಗೆ ಮಾಡುತ್ತಿದ್ದೀರಿ ಎಂದು ಅತ್ತೆ ವಿಚಾರಿಸಿದರು. ನಮ್ಮಪ್ಪ ಕೆಲಸಕ್ಕೆ ಸೇರಿದಾಗಿನಿಂದ ಎಂದ. ಯಾರಿಗಾದರೂ ಏನಾದರೂ ಆಗಿದೆಯೇ ಎಂದರು. ಪೂಜೆಯ ದಿನ ಯಾವತ್ತೂ ಏನೂ ಆಗಿಲ್ಲ ಎಂದ. ಅತ್ತೆ ಸೆರಗು ಬಿಗಿದುಕೊಂಡು ದೇವರ ಗೂಡಿನ ಕಡೆ ತಿರುಗಿ, ಸ್ವಲ್ಪ ಹೊತ್ತು ಅಲ್ಲೂ ಏನೋ ವಿಚಾರಿಸಿದ ಹಾಗಿತ್ತು.

“ಮಂಗಳಾರತಿ ಇನ್ನೂ ಆಗಿಲ್ವಲ್ಲ. ಇದನ್ನೂ ನಡೀತಾ ಇರುವಾಗ್ಲೇ ಮಾಡಾಣ” ಎಂದರು ಅತ್ತೆ. “ಚಾಪೆ ಹಾಸು ಸುಮಿತ್ರಾ. ಆದ್ರೆ ಕೂರಿಸಿದ ಜಾಗ ಬಿಟ್ಟು ಅಲ್ಲಾಡಂಗಿಲ್ಲ.”

ಅಂದರೆ ಯಂತ್ರ ನನ್ನ ಕೋಣೆಗೆ ಬರುವುದಿಲ್ಲ, ನಾನು ಯಂತ್ರದ ಬಳಿ ಹೋಗಬೇಕು. ಹಜಾರದ ನಟ್ಟನಡುವೆ ಚಾಪೆ ಬಿತ್ತು. ಹೇಗೆ ಮಲಗುವುದು ಎಂಬುದೇ ದೊಡ್ಡ ಚರ್ಚೆಯಾಯಿತು. ದೇವರ ಗೂಡು ಉತ್ತರಕ್ಕಿದೆ. ದೇವರ ಕಡೆ ಕಾಲು ಚಾಚಬಾರದು, ಉತ್ತರಕ್ಕೆ ತಲೆ ಹಾಕಬಾರದು. ಕೊನೆಗೆ ಮುರುಗೇಶ್ ಚಾಪೆಯನ್ನು ಓರೆಯಾಗಿ ತಿರುಗಿಸಿ, ಪೈಪು ಮೂಗಿಗೆ ಎಟಕುತ್ತದೆಯೇ ಎಂದು ಅಳೆದು, ಲ್ಯಾಡಲ್ ಇಳಿಸುವ ಗುರುತು ಹಾಕುವ ಗಂಭೀರತೆಯಲ್ಲಿ ನನಗೆ ಜಾಗ ತೋರಿಸಿದ. ಯಂತ್ರದ ನೀರಿನ ಡಬ್ಬಿಗೆ ಅತ್ತೆ ಒಂದು ಚಮಚ ತೀರ್ಥ ಸೇರಿಸಲು ಹೋದರು, ಸುಮಿತ್ರಾ ತಡೆದಳು. ನಾನು ದಾಸವಾಳ ತೆಗೆದು ಮಾಸ್ಕು ಹಾಕಿಕೊಂಡೆ. ಗಾಳಿ ಬಂತು. ಅತ್ತೆ ಗಂಟೆ ಎತ್ತಿಕೊಂಡಿದ್ದು ನೆನಪಿದೆ, ಬಾರಿಸಿದ್ದು ನೆನಪಿಲ್ಲ.

ಮುಂದಿನದನ್ನು ನಾನು ಸುಮಿತ್ರಾಳ ಮೊಬೈಲಿನಲ್ಲಿ ನೋಡಿದ್ದು. ಗಂಟೆ, ಜಾಗಟೆ ಎರಡೂ ಬಾರಿಸಿದ್ದಾರೆ. ಹೊಗೆ ಒಳಗೆ ಹೋಗದಿರಲೆಂದು ಸುಮಿತ್ರಾ ಊದುಬತ್ತಿಯನ್ನು ಬಾಗಿಲಾಚೆ ಸಿಕ್ಕಿಸಿದ್ದಾಳೆ. ಅತ್ತೆ ಮೊದಲು ಮಿಕ್ಸಿಗೆ, ಹೊಲಿಗೆ ಮಿಷನ್ನಿಗೆ, ಆಮೇಲೆ ನನ್ನ ಯಂತ್ರಕ್ಕೆ ಆರತಿ ಎತ್ತಿದ್ದಾರೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಯಂತ್ರ ಪೈಪಿನಲ್ಲಿ ಮುಂದುವರಿಯುತ್ತದೆ, ಪೈಪು ಮಾಸ್ಕಿನಲ್ಲಿ, ಮಾಸ್ಕು ನನ್ನಲ್ಲಿ. ಎಲ್ಲಿ ಯಂತ್ರ ಮುಗಿದು ಅಳಿಯ ಶುರುವಾಗುತ್ತಾನೆ ಎಂದು ಅವರಿಗೆ ತೋಚಿದಂತಿಲ್ಲ. ಆರತಿ ಪೈಪಿನ ಗುಂಟ ಬಂದು ನನ್ನ ಮುಖದ ಸುತ್ತ ಮೂರು ಸುತ್ತು ತಿರುಗಿದೆ. ಹಣೆಗೆ ಕುಂಕುಮ, ಎದೆಯ ಮೇಲೆ ಒಂದು ಚೆಂಡುಹೂವು. ಸುಮಿತ್ರಾಳ ಸ್ಕೂಟರಿನ ಚಕ್ರಕ್ಕೆ ಇಟ್ಟು ಮಿಕ್ಕ ಎರಡು ನಿಂಬೆಹಣ್ಣುಗಳನ್ನು ನನ್ನ ಎರಡು ಪಾದಗಳ ಬಳಿ ಇಟ್ಟಿದ್ದಾರೆ. ಅರಿಶಿನ ಕುಂಕುಮಕ್ಕೆ ಬಂದ ಎದುರುಮನೆಯಾಕೆ ಬಾಗಿಲಲ್ಲಿ ಒಂದು ಕ್ಷಣ ನಿಂತು, ಪರಿಸ್ಥಿತಿ ಅರ್ಥವಾಗದೆ, ಎಲ್ಲಕ್ಕೂ ಒಟ್ಟಾಗಿ ಕೈಮುಗಿದಿದ್ದಾರೆ. ಹೊರಗೆ ಮುರುಗೇಶ್ ಬೂದುಗುಂಬಳ ಒಡೆದ ಸದ್ದು ವಿಡಿಯೋದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ನನ್ನ ರೆಪ್ಪೆಯೂ ಅಲುಗಿಲ್ಲ. ಮದುವೆಯ ದಿನ ಬಿಟ್ಟರೆ ಜೀವಮಾನದಲ್ಲಿ ಒಂದೇ ಒಂದು ಸಲ ಯಾರೋ ನನಗೆ ಆರತಿ ಎತ್ತಿದರು, ಅದನ್ನೂ ನಾನು ನಿದ್ದೆಯಲ್ಲೇ ಕಳೆದೆ.

ಹಬ್ಬ ಮುಗಿದ ಮರುದಿನ ಡಾಕ್ಟರಮ್ಮ ಎಚ್ಚರದ ಪರೀಕ್ಷೆಗೆಂದು ಅರೆಗತ್ತಲ ಕೋಣೆಯಲ್ಲಿ ಸುಮ್ಮನೆ ಕೂರಿಸಿದರು. ಬೇಕೆಂದರೂ ನನಗೆ ಕಣ್ಣು ಎಳೆಯಲಿಲ್ಲ. ಆಮೇಲೆ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರು. ಮೂವತ್ತಕ್ಕೆ ಮೂವತ್ತು. ಕೊನೆಯ ದಿನದ ಗೆರೆಯನ್ನು ಮಾತ್ರ ಮತ್ತೆ ಮತ್ತೆ ನೋಡಿ, ಎಲ್ಲಕ್ಕಿಂತ ಚೆನ್ನಾಗಿ ಮಲಗಿದ್ದು ಇದೇ ದಿನ, ಒಂಬತ್ತು ಗಂಟೆ, ಉಸಿರು ಎಲ್ಲೂ ಕೆಟ್ಟಿಲ್ಲ, ಏನಾದರೂ ಬದಲಾಯಿಸಿದಿರಾ ಎಂದು ಕೇಳಿದರು. ಪೂಜೆ ಇತ್ತು ಮೇಡಂ ಎಂದೆ. ಮನಸ್ಸು ನೆಮ್ಮದಿಯಾಗಿದ್ದರೆ ಹೀಗೇ ಎಂದು ಕಾಗದಕ್ಕೆ ಸಹಿ ಹಾಕಿದರು. ಪಾಳಿ ಬದಲಾಗುವಾಗ ನಡುವೆ ಒಂದು ದಿನ ಬಿಡುವು ಕೊಡಬೇಕು ಎಂಬ ಸಾಲನ್ನೂ ಸೇರಿಸಿದ್ದರು. ಮ್ಯಾನೇಜರು ಅದನ್ನು ಓದಿ ನನ್ನೊಬ್ಬನಿಗೆ ಮಾತ್ರವಲ್ಲ, ಕ್ರೇನು ಹತ್ತುವ ಎಲ್ಲರಿಗೂ ಅನ್ವಯಿಸಿದರು. ಮರುದಿನ ಏಣಿ ಹತ್ತಿದೆ. ಮುರುಗೇಶ್ ಕೆಳಗಿನಿಂದ ಕೈ ಎತ್ತಿದ. ಲ್ಯಾಡಲ್ ಎತ್ತಿ, ಇಡೀ ಶೆಡ್ಡಿನ ಉದ್ದಕ್ಕೂ ಒಯ್ದು, ಅಚ್ಚಿನ ಬಾಯಿಗೆ ಸರಿಯಾಗಿ ತಂದು ನಿಲ್ಲಿಸಿದೆ. ಒಂದು ಹನಿಯೂ ತುಳುಕಲಿಲ್ಲ. ಕೆಳಗೆ ಯಾರೋ ಶಿಳ್ಳೆ ಹೊಡೆದರು, ಈ ಸಲ ಎಬ್ಬಿಸಲಿಕ್ಕಲ್ಲ. ಆ ಗಾಜಿನ ಡಬ್ಬಿಯೊಳಗೆ ಒಬ್ಬನೇ ಕೂತು ನಾನು ಗಟ್ಟಿಯಾಗಿ ನಕ್ಕೆ.

ಆಮೇಲೆ ಎರಡು ತಿಂಗಳು ದಿನವೂ ಬಸ್ಸಿನಲ್ಲಿ ಕಣ್ಣು ಬಿಟ್ಟುಕೊಂಡು ಬಂದು ಆಲ್ಕೊಳದಲ್ಲಿ ಹೆಮ್ಮೆಯಿಂದ ಇಳಿದೆ. ಒಂದು ದಿನ ಅತ್ತೆ ಸುಮಿತ್ರಾಳಿಗೆ ಫೋನ್ ಮಾಡಿ, ಅಳಿಯಂದಿರಿಗೆ ನಮ್ಮ ಮೇಲೆ ಏನಾದರೂ ಬೇಸರವೇ, ಈಚೆಗೆ ಬರುವುದೇ ಬಿಟ್ಟಿದ್ದಾರಲ್ಲ ಎಂದು ಕೇಳಿದರಂತೆ. ಆ ಭಾನುವಾರ ಕುಂಸಿಗೇ ಟಿಕೆಟ್ ತೆಗೆದುಕೊಂಡು, ಪೂರ್ತಿ ಎಚ್ಚರದಲ್ಲಿ ಹೋದೆ. ಹೋಳಿಗೆ ಬಡಿಸುವಾಗ ತಡೆಯಲಾರದೆ ನಿಜ ಹೇಳಿಬಿಟ್ಟೆ. ಇಷ್ಟು ಸಲ ಬಂದಿದ್ದು ನಿಮ್ಮನ್ನು ನೋಡಲು ಅಲ್ಲ, ಬಸ್ಸಿನಲ್ಲಿ ಮಲಗಿಬಿಟ್ಟು ಎಂದೆ.

ಅತ್ತೆ ತುಪ್ಪ ಹಾಕುವುದನ್ನು ನಿಲ್ಲಿಸಲಿಲ್ಲ. “ಗೊತ್ತಿತ್ತು. ಮೊದಲ್ನೇ ಸಲ ಬಂದಾಗ್ಲೇ ಕೆನ್ನೆ ಮೇಲೆ ಕಿಟಕಿ ಸರಳಿನ ಗೆರೆ ಇತ್ತು. ಎಚ್ಚರ ಇದ್ದಾಗ ನಮ್ಮನೇಗೆ ಯಾವತ್ತು ಬಂದಿದ್ರಿ ನೀವು? ನಿದ್ದೇಲಾದ್ರೂ ಬರ್ತಾರಲ್ಲ ಅಂತ ಹೋಳಿಗೆ ಮಾಡ್ತಿದ್ದೆ.”

ವಾಪಸ್ ಬರುವಾಗ ಬಸ್ಸು ಖಾಲಿಯಿತ್ತು, ಕಿಟಕಿಯ ಪಕ್ಕವೇ ಸೀಟು ಸಿಕ್ಕಿತ್ತು, ಹೊಟ್ಟೆ ತುಂಬ ಹೋಳಿಗೆಯಿತ್ತು. ಆದರೂ ಆಲ್ಕೊಳದವರೆಗೆ ಒಂದು ಕ್ಷಣವೂ ಕಣ್ಣು ಮುಚ್ಚಲಾಗಲಿಲ್ಲ. ನಿದ್ದೆ ಬಾರದ ಮನುಷ್ಯನಿಗೆ ಏನೋ ದೊಡ್ಡ ಯೋಚನೆ ಇರುತ್ತದೆ ಎನ್ನುತ್ತಾರಲ್ಲ, ನನ್ನದು ಇಷ್ಟೇ: ಮುಂದಿನ ಭಾನುವಾರ ಕುಂಸಿಗೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟು ಗಂಟೆಗೆ?